ಟೇಪಿನಲ್ಲಿ ಹಿಡಿಸದ ಗುಂಡಮ್ಮ

ಮೊನ್ನೆ ನನ್ನ ಮಗಳು ಸೀರೆಗೆ ಪಿನ್ನು ಬೇಕೆಂದು ನನ್ನ ಸೂಜಿ-ಗುಂಡಿಗಳ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಪಿನ್ನು ಸಿಗಲಿಲ್ಲ. ನಮ್ಮ ಮನೆಯಲ್ಲಿ ಬೇಕಾದದ್ದು ಬೇಕಾದಾಗ ಸಿಕ್ಕ ದಾಖಲೆ ಇಲ್ಲ. ಅದರ ಬದಲು ಕರಿಯ ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ಡಬ್ಬಿ ಹೊರಬಿತ್ತು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡದು.

"ಅವ್ವಾ, ಇದೇನಿದು? ಕ್ಯಾಸೆಟ್ಟಿನ ಕೂಸೇನು?"

ಕೂಸಲ್ಲ, ಅದು ಹಾಡಿನ ಕ್ಯಾಸೆಟ್ಟಿಗೆ ದೊಡ್ಡಪ್ಪ ಎಂದು ನಾನು ಹೇಳಿದೆ. ಕಂಪ್ಯೂಟರಿನೊಳಗೆ ಇದ್ದದ್ದನ್ನೆಲ್ಲ ಇದರೊಳಗೆ ನಕಲು ಮಾಡಿ ಇಡುತ್ತಿದ್ದೆವು, ಕಂಪ್ಯೂಟರು ಕೆಟ್ಟರೆ ಇದರಿಂದ ಮತ್ತೆ ತೆಗೆಯಬಹುದಿತ್ತು ಎಂದೆ. ಇದರೊಳಗೆ ಎಷ್ಟು ಹಿಡಿಸುತ್ತಿತ್ತು ಎಂದು ಕೇಳಿದಳು. "ಡಬ್ಬಿ ಮ್ಯಾಲ ಬರದದ್ದರಾಗ ಅರ್ಧ" ಎಂದು ನಾನು ನಿಜವನ್ನೇ ಹೇಳಿದೆ. ಅವಳು ನಕ್ಕಳು. ಅವಳ ಗೆಳತಿಯ ಮದುವೆಯ ಅರಿಶಿಣದ ವಿಡಿಯೋ ಕೂಡ ಅದರಲ್ಲಿ ಹಿಡಿಸುವುದಿಲ್ಲವಂತೆ. ನನಗೆ ಸ್ವಲ್ಪ ಸಿಟ್ಟು ಬಂತು. ನಮ್ಮ ಕಾಲದ ವಸ್ತುಗಳನ್ನು ನಾವು ಬೈಯಬಹುದು, ಮಕ್ಕಳು ಬೈದರೆ ಅದು ಬೇರೆಯೇ ಆಗುತ್ತದೆ.

ಒತ್ತಿ ತುಂಬುವ ವಿದ್ಯೆಯಲ್ಲಿ ನನಗೆ ಚಿಕ್ಕಂದಿನಿಂದಲೂ ತರಬೇತಿ ಇದೆ. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡುತ್ತಿದ್ದ. ಮನೆಯಲ್ಲಿ ಇದ್ದದ್ದು ಒಂದು ತಗಡಿನ ಟ್ರಂಕು, ಹೊದೆಯಲು ಅವ್ವ ಹೊಲಿದ ಕೌದಿಗಳ ಗುಡ್ಡೆ. ಚಳಿಗಾಲ ಮುಗಿದ ಕೂಡಲೇ ಅವ್ವ ಕೌದಿಗಳನ್ನು ಒಗೆದು, ಒಣಗಿಸಿ, ಟ್ರಂಕಿಗೆ ತುಂಬುತ್ತಿದ್ದಳು. ಟ್ರಂಕಿನ ಮುಚ್ಚಳ ಯಾವ ವರ್ಷವೂ ತಾನಾಗಿ ಮುಚ್ಚಲಿಲ್ಲ. ಆಗ ಅವ್ವ ನಮ್ಮನ್ನು ಕೂಗಿ ಕರೆಯುತ್ತಿದ್ದಳು. ಅಣ್ಣ, ತಂಗಿ, ನಾನು ಸಾಲಾಗಿ ಮುಚ್ಚಳದ ಮೇಲೆ ಕೂರಬೇಕು. "ಕುಣೀರಿ" ಎನ್ನುತ್ತಿದ್ದಳು. ನಾವು ಕುಣಿಯುತ್ತಿದ್ದೆವು. ಕೊಂಡಿ ಹತ್ತಿರ ಬರುತ್ತಿತ್ತು, ಅವ್ವ ಟಕ್ಕನೆ ಬೀಗ ಜಡಿಯುತ್ತಿದ್ದಳು. ಮುಂದೆ ಕಂಪ್ಯೂಟರಿನವರು ಮಾಹಿತಿಯನ್ನು ಒತ್ತಿ ತುಂಬುವುದು ಎಂದಾಗ ನನ್ನ ಕಣ್ಣಿಗೆ ಬಂದದ್ದು ಈ ಟ್ರಂಕು. ಯಂತ್ರದೊಳಗೆ ಯಾರೋ ಮೂವರು ಕೂತು ಕುಣಿಯುತ್ತಿದ್ದಾರೆ ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕಂಪ್ಯೂಟರ್ ಕಲಿತು ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಗೆ ಕೆಲಸಕ್ಕೆ ಸೇರಿದೆ. ಮನೆಯೇ ಕಚೇರಿ. ಅದು ಗುರುಪಾದಪ್ಪ ಸರ್ ಅವರ ಮನೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸುತ್ತಲಿನ ಹಳ್ಳಿಗಳ ಹೆಂಗಸರು ಹಾಡುವ ಬೀಸುವ ಹಾಡು, ಜೋಗುಳ, ಸೋಬಾನೆಗಳನ್ನು ಕೂಡಿಹಾಕುವುದು ಅವರ ಹುಚ್ಚು. ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹತ್ತತೊಡಗಿದಾಗ, ಯಾರೋ ಅವರಿಗೆ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿರಿ, ಅಲ್ಲಿ ಬೂಷ್ಟು ಹತ್ತುವುದಿಲ್ಲ ಎಂದರು. ಹಾಗೆ ಒಂದು ಕಂಪ್ಯೂಟರು ಬಂತು, ಅದರ ಹಿಂದೆ ನಾನು ಬಂದೆ. ನನ್ನ ಕೆಲಸ ಒಂದೊಂದೇ ಕ್ಯಾಸೆಟ್ಟನ್ನು ಓಡಿಸುತ್ತ ಕಂಪ್ಯೂಟರಿಗೆ ಕೇಳಿಸುವುದು. ಹಾಡು ಎಷ್ಟು ಹೊತ್ತು ಇದೆಯೋ ಅಷ್ಟು ಹೊತ್ತು ನಾನೂ ಕೇಳಬೇಕು. ಒಳ್ಳೆಯ ಕೆಲಸವೇ. ಆದರೆ ಜೋಗುಳದ ಕ್ಯಾಸೆಟ್ಟು ಬಂದ ದಿನ, ಅದೂ ಬೇಸಿಗೆಯ ಮಧ್ಯಾಹ್ನ, ಕೆಲಸ ಮಾಡಿದವರಿಗೇ ಅದರ ಕಷ್ಟ ಗೊತ್ತು.

ಸರ್ ಅವರಿಗೆ ಕಂಪ್ಯೂಟರಿನ ಮೇಲೆ ಗೌರವವಿತ್ತು. ಒಳಗೆ ಬರುವ ಮುನ್ನ ಚಪ್ಪಲಿ ಬಿಡುತ್ತಿದ್ದರು. ಆದರೆ ಅದು ಅವರು ಹೇಳಿದ್ದನ್ನು ಕೇಳುತ್ತಿರಲಿಲ್ಲ. ನಮ್ಮ ಹಳೆಯ ಯಂತ್ರ ಒಂದು ಕಡತಕ್ಕೆ ಇಂಗ್ಲಿಷಿನ ಎಂಟು ಅಕ್ಷರಕ್ಕಿಂತ ಉದ್ದದ ಹೆಸರು ಇಡಲು ಬಿಡುತ್ತಿರಲಿಲ್ಲ. ಸರ್ ತಾವೇ ಕೂತು ಹೆಸರು ಇಡುತ್ತಿದ್ದರು. ಕಮಲಾಪುರದ ಬೀಸುವ ಹಾಡಿನ ಕ್ಯಾಸೆಟ್ಟು ಬಂದಾಗ ಅವರಿಗೆ ಬಹಳ ಸಂತೋಷವಾಯಿತು. ಅದರಲ್ಲಿ ಹಾಡಿದವಳ ಗುಂಡಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಎಂಟಕ್ಷರ.

"ನೋಡು ಸುಜಾತಾ, ಆ ಮುದುಕಿ ಕಂಪ್ಯೂಟರಿಗಂತೇ ಹುಟ್ಟ್ಯಾಳ" ಎಂದರು.

ಆ ಹಾಡುಗಳನ್ನು ಹಾಡಿದವರು ಇಬ್ಬರು. ಗುಂಡಮ್ಮ ಮತ್ತು ಶರಣಮ್ಮ. ಅಣ್ಣತಮ್ಮಂದಿರ ಹೆಂಡಂದಿರು, ನೆಗೆಣ್ಣಿಯರು. ಒಂದೇ ಅಂಗಳ, ಎದುರುಬದುರು ಬಾಗಿಲು. ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಮನೆಯ ತೊಗರಿಯನ್ನು ಬೇಳೆ ಮಾಡಲು ಇಬ್ಬರೂ ಬೀಸುಕಲ್ಲಿನ ಮುಂದೆಯೇ ಕೂರುತ್ತಿದ್ದರು. ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಮುಂದಿನದನ್ನು ಹಿಡಿಯುವಳು. ಮೊದಲ ಸಲ ರೆಕಾರ್ಡು ಮಾಡಲು ನಾನೂ ಸರ್ ಜೊತೆ ಹೋಗಿದ್ದೆ. ಈ ಹಾಡು ಎಲ್ಲಿ ಇಡುತ್ತೀರಿ ಎಂದು ಗುಂಡಮ್ಮ ಕೇಳಿದಾಗ ನಾನು ನನ್ನ ವಿದ್ಯೆಯನ್ನೆಲ್ಲ ತೋರಿಸಿ, ಕಂಪ್ಯೂಟರಿಗೆ ಹಾಕಿ, ಆಮೇಲೆ ಸಣ್ಣ ಟೇಪಿನಲ್ಲಿ ಒತ್ತಿ ತುಂಬಿ ಇಡುತ್ತೇವೆ ಎಂದಿದ್ದೆ.

"ಒತ್ತಿ ತುಂಬ್ತೀರಿ?" ಗುಂಡಮ್ಮ ಹುಬ್ಬೇರಿಸಿದಳು. "ಉಸಿರು ಕಟ್ಟಂಗಿಲ್ಲೇನ್ರಿ ನಮ್ಮ ಹಾಡಿಗಿ?"

"ನೀ ಒದರೋದು ನೋಡಿದ್ರ ಟೇಪಿಗೇ ಉಸಿರು ಕಟ್ಟತದ" ಎಂದಳು ಶರಣಮ್ಮ. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಆಗ ಅವರು ಹಾಗಿದ್ದರು.

ಟೇಪು ಕಲಬುರಗಿಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಸ್ಟೇಶನ್ ಬಜಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಮೊಯಿನ್ ಭಾಯಿ ಹೈದರಾಬಾದಿನಿಂದ ತರಿಸಿಕೊಡಬೇಕು. ತರಿಸಿದ್ದೇ ಒಂದು. ಅದರ ಡಬ್ಬಿಯ ಮೇಲೆ ಇಷ್ಟು ಹಿಡಿಸುತ್ತದೆ ಎಂದು ಸಣ್ಣದಾಗಿ ಒಂದು ಅಂಕಿ, ಒತ್ತಿ ತುಂಬಿದರೆ ಇಷ್ಟು ಎಂದು ಅದರ ದುಪ್ಪಟ್ಟಿನ ಅಂಕಿ ದಪ್ಪಗೆ ಅಚ್ಚಾಗಿತ್ತು. ದಪ್ಪ ಅಂಕಿಯ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ. ಅಂಗಡಿಯವರು ನಕ್ಷತ್ರ ಹಾಕಿದರೆಂದರೆ ಕೆಳಗೆ ಎಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿ ಮಾತು ತಪ್ಪಿಸಿಕೊಂಡಿದ್ದಾರೆ ಎಂದೇ ಅರ್ಥ. ಸರ್ ನಕ್ಷತ್ರ ನೋಡಲಿಲ್ಲ. ಅಂಕಿ ನೋಡಿದರು. ನಮ್ಮ ಹಾಡೆಲ್ಲ ಇದರಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ತಮ್ಮ ಲೇಖನಗಳನ್ನೂ ಸೇರಿಸು ಎಂದರು.

ಇಲ್ಲಿ ನಾನು ಒಂದು ಗುಟ್ಟು ಹೇಳಬೇಕು. ಸರ್ ಈಗ ನಮ್ಮೊಂದಿಗಿಲ್ಲ, ಇದ್ದಿದ್ದರೂ ನಗುತ್ತಿದ್ದರು ಎಂಬ ಧೈರ್ಯದ ಮೇಲೆ ಹೇಳುತ್ತೇನೆ. ಯಂತ್ರ ಹೇಗೆ ಒತ್ತುತ್ತದೆ ಗೊತ್ತೇ? ಬಂದದ್ದೇ ಮತ್ತೆ ಬಂದರೆ ಅದನ್ನು ಇನ್ನೊಮ್ಮೆ ಬರೆದುಕೊಳ್ಳುವುದಿಲ್ಲ. ಮೇಲಿನದ್ದೇ ಎಂದು ಒಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಎಷ್ಟು ಹೇಳಿದ್ದೇ ಹೇಳಿರುತ್ತೀರೋ ಅಷ್ಟು ಸಣ್ಣಗಾಗುತ್ತೀರಿ. ಯಾವುದನ್ನು ಎಷ್ಟು ಒತ್ತಿದೆ ಎಂದು ಪರದೆಯ ಮೇಲೆ ಕಾಣಿಸುತ್ತಿತ್ತು. ಸರ್ ಅವರ ಇಡೀ ಜೀವಮಾನದ ಲೇಖನಗಳು ಒಳಗೆ ಹೋದವು, ಬೆಲ್ಲದ ಪೆಂಟೆ ನೀರಿಗೆ ಬಿದ್ದ ಹಾಗೆ ಕರಗಿ ಇಷ್ಟೇ ಇಷ್ಟಾದವು. ಅವರ ಪ್ರತಿ ಮೂರನೆಯ ವಾಕ್ಯ "ಎನ್ನಬಹುದಾಗಿದೆ" ಎಂದೇ ಮುಗಿಯುತ್ತಿತ್ತು, ಪ್ರತಿ ಲೇಖನದ ಮೊದಲ ಪ್ಯಾರಾ ಹೆಚ್ಚುಕಡಿಮೆ ಒಂದೇ. ನನಗೆ ಟೈಪು ಮಾಡುವಾಗಲೇ ಅನುಮಾನವಿತ್ತು, ಯಂತ್ರ ಅದನ್ನು ಖಾತ್ರಿ ಮಾಡಿತು. ಸರ್ ಮಾತ್ರ ಹಿಗ್ಗಿದರು.

"ನೋಡಿದ್ಯಾ? ಎಷ್ಟು ಅಚ್ಚುಕಟ್ಟಾಗಿ ಹಿಡಿಸಿತು! ನನ್ನ ಬರವಣಿಗಿ ಬಿಗಿ ಅದ."

"ಹೌದ್ರಿ ಸರ್" ಎಂದೆ. ಇನ್ನೇನು ಹೇಳಲಿ?

ಆಮೇಲೆ ಹಾಡುಗಳ ಸರದಿ ಬಂತು. ಹಾಡು ಕುಗ್ಗಲಿಲ್ಲ. ನಮ್ಮ ಕಿವಿಗೆ ಅದೇ ಪಲ್ಲವಿ, ಅದೇ ಸೊಲ್ಲು. ಯಂತ್ರದ ಕಿವಿಗೆ ಹಾಗಲ್ಲ. ಅದೇ ಸಾಲನ್ನು ಗುಂಡಮ್ಮ ಎರಡನೆಯ ಸಲ ಹಾಡುವಾಗ ಉಸಿರು ಬೇರೆ, ಕಲ್ಲಿನ ಗರಗರ ಬೇರೆ, ನಡುವೆ ಕೋಳಿ ಕೂಗಿದ್ದು ಬೇರೆ. ಯಂತ್ರಕ್ಕೆ ಎಲ್ಲವೂ ಹೊಸದೇ. ಟೇಪು ಮುಕ್ಕಾಲು ತುಂಬಿತು, ಪೂರ್ತಿ ತುಂಬಿತು. ಇನ್ನೊಂದು ಟೇಪು ಹಾಕಿ ಎಂದು ಪರದೆಯ ಮೇಲೆ ಸಂದೇಶ ಬಂತು. ನಾನು ಊಟಕ್ಕೆ ಹೋಗಿದ್ದೆ. ಸರ್ ಅದನ್ನು ಓದಿ, ಡಬ್ಬಿಯ ಮೇಲಿನ ದಪ್ಪ ಅಂಕಿಯನ್ನು ಮತ್ತೊಮ್ಮೆ ನೋಡಿ, ಯಂತ್ರ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ, ಸಾಕು ಎಂಬ ಗುಂಡಿ ಒತ್ತಿದರು. ನಾನು ಬರುವಷ್ಟರಲ್ಲಿ ಟೇಪು ಡಬ್ಬಿ ಸೇರಿ, ಡಬ್ಬಿ ಗೋಡೆಯ ದೇವರ ಮಾಡದಲ್ಲಿ ವಿಭೂತಿಯ ಪಕ್ಕ ಸೇರಿತ್ತು. "ಆತು" ಎಂದರು. ಆಯಿತೆಂದೇ ನಾನೂ ನಂಬಿದೆ. ಹಾಡುಗಳು ಈಗ ಎರಡು ಕಡೆ ಭದ್ರ ಎಂದು ಹಳೆಯ ಕ್ಯಾಸೆಟ್ಟುಗಳ ಮೇಲೆ ಸರ್ ಬೇರೆ ಊರಿನ ಸೋಬಾನೆ ತುಂಬಿಸಿಕೊಂಡು ಬಂದರು.

ಅದೇ ಸುಮಾರಿಗೆ ಅವರು ಪೇಪರಿನಲ್ಲಿ ಒಂದು ಲೇಖನ ಬರೆದರು. ಕಡತಗಳ ಹೆಸರು ನೋಡಿಕೊಂಡೇ ಬರೆದದ್ದು. ಕಮಲಾಪುರದ ಬಗ್ಗೆ ಬರೆಯುತ್ತ "ಗುಂಡಮ್ಮ ಮತ್ತು ಸಂಗಡಿಗರು" ಎಂದು ಹಾಕಿದ್ದರು.

ಮೇ ತಿಂಗಳು ಬಂತು. ಕಲಬುರಗಿಯ ಮೇ ತಿಂಗಳ ಬಗ್ಗೆ ಇಲ್ಲಿಯವರಿಗೆ ಹೇಳುವುದು ಬೇಕಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಕೂಲರಿನ ಗಾಳಿಯನ್ನು ಸರ್ ಕಂಪ್ಯೂಟರಿನ ಕಡೆ ತಿರುಗಿಸಿ ತಾವು ಬೀಸಣಿಗೆ ಹಿಡಿದು ಕೂರುತ್ತಿದ್ದರು. ಆದರೂ ಒಂದು ದಿನ ಅದರ ಹೊಟ್ಟೆಯಿಂದ ಟಕ್, ಟಕ್ ಎಂಬ ಸದ್ದು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಸದ್ದೂ ನಿಂತಿತು. ಮೊಯಿನ್ ಭಾಯಿ ಬಂದರು. ಬಿಚ್ಚಿದರು. ಹಾಡೆಲ್ಲ ಇದ್ದ ಡಿಸ್ಕಿಗೆ ಕಿವಿ ಹಚ್ಚಿದರು, ಡಾಕ್ಟರು ಎದೆಗೆ ಕಿವಿ ಹಚ್ಚುವ ಹಾಗೆ.

"ಗಯಾ ಮೇಡಂ. ಖತಂ ಆಗ್ಯದ್ರಿ."

ಸರ್ ನಕ್ಕರು. ನಮ್ಮ ಬಳಿ ಟೇಪು ಇದೆ ಎಂದು ದೇವರ ಮಾಡದಿಂದ ತಂದುಕೊಟ್ಟರು. ಹೊಸ ಡಿಸ್ಕಿಗೆ ಟೇಪಿನಿಂದ ಒಂದೊಂದೇ ಇಳಿಯತೊಡಗಿತು. ಲೇಖನಗಳು ಎಲ್ಲವೂ ಬಂದವು, ಒಂದು "ಎನ್ನಬಹುದಾಗಿದೆ"ಯೂ ತಪ್ಪದೆ. ಸೇಡಂ ಕಡೆಯ ಹಾಡು ಬಂದವು, ಆಳಂದದ ಕಡೆಯವು ಬಂದವು. ಆಮೇಲೆ ಟೇಪು ನಿಂತಿತು. ಎಲ್ಲದಕ್ಕೂ ಕೊನೆಗೆ ತುಂಬಿದ್ದ ಕಮಲಾಪುರ ಬರಲೇ ಇಲ್ಲ.

ಮೊಯಿನ್ ಭಾಯಿ ಟೇಪಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಷತ್ರದ ಕೆಳಗಿನ ಇರುವೆ ಸಾಲನ್ನು ಓದಿ, ನನ್ನ ಕಡೆ ನೋಡಿದರು. ನಾನು ಸರ್ ಕಡೆ ನೋಡಿದೆ. ಸರ್ ಕುರ್ಚಿಯ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಅವರಿಬ್ಬರ ಹಾಡು ಮತ್ತ ಎಲ್ಲೂ ಇಲ್ಲಲ್ಲ ಸುಜಾತಾ" ಎಂದರು. ಗೇಲಿ ಮಾಡಬೇಕೆಂದಿದ್ದ ನಾನು ಎದ್ದು ಟೇಪ್ ರೆಕಾರ್ಡರಿನ ಧೂಳು ಒರೆಸಿದೆ.

ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆವು. ಅಂದು ಅಲ್ಲಿ ಸಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ಕಂಡಕ್ಟರು ಇನ್ನೂ ಜನರನ್ನು ಹತ್ತಿಸುತ್ತಲೇ ಇದ್ದ. ನನ್ನ ಮಡಿಲಲ್ಲಿ ಟೇಪ್ ರೆಕಾರ್ಡರು, ಅದರ ಮೇಲೆ ಪಕ್ಕದ ಹೆಂಗಸಿನ ಮೊಣಕೈ, ಅದರ ಮೇಲೆ ಆಕೆಯ ಮಗು. ಸರ್ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದರು. ತುಟಿ ಅಲುಗುತ್ತಿತ್ತು.

ಆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಏನೋ ಬದಲಾಗಿದೆ ಎಂದು ಗೊತ್ತಾಯಿತು. ಗುಂಡಮ್ಮ ತನ್ನ ಬಾಗಿಲ ಮುಂದೆ ಬೀಸುಕಲ್ಲಿನ ಪಕ್ಕ ಕೂತಿದ್ದಳು. ಎದುರು ಬಾಗಿಲಲ್ಲಿ ಶರಣಮ್ಮ ಮೊರದಲ್ಲಿ ತೊಗರಿ ಕೇರುತ್ತಿದ್ದಳು, ನಮ್ಮ ಕಡೆಗೆ ಬೆನ್ನು ಮಾಡಿ. ಸರ್ ನಡುವೆ ನಿಂತು, "ತಾಂತ್ರಿಕ ಅಡಚಣೆಯಿಂದಾಗಿ ತಮ್ಮ ಅಮೂಲ್ಯವಾದ ಹಾಡುಗಳು" ಎಂದು ಶುರು ಮಾಡಿದರು.

"ಕಳದ್ರೇನು?" ಎಂದಳು ಗುಂಡಮ್ಮ.

"ಹೌದ್ರಿ ಅಮ್ಮಾ."

"ಒತ್ತಿ ತುಂಬ್ತೀವಿ ಅಂದಾಗಽ ನನಗ ತಿಳದಿತ್ತು. ಇರಲಿ. ಹಾಡೇನು, ಮತ್ತ ಹಾಡ್ತೀನಿ. ಆದ್ರ ಒಬ್ಬಾಕಿನೇ ಹಾಡ್ತೀನಿ." ಅವಳು ಎದುರು ಬಾಗಿಲ ಕಡೆ ಗದ್ದ ತೋರಿಸಿದಳು. "ಅಕಿ ಜೋಡಿ ನನ್ನ ಮಾತಿಲ್ಲ."

ನಾನು ಶರಣಮ್ಮನ ಹತ್ತಿರ ಹೋದೆ. "ಅಮ್ಮಾ, ಒಂದೀಟು ಬರ್ರಿ, ನಿಮ್ಮಿಬ್ಬರ ಹಾಡು ಬೇಕಾಗ್ಯದ."

ಶರಣಮ್ಮ ಮೊರ ನಿಲ್ಲಿಸಲಿಲ್ಲ. "ನಾ ಯಾಕ ಬರ್ಲಿ ತಂಗೀ? ನನ್ನ ಹೆಸರು ಶರಣಮ್ಮ. ನೀವು ಸಂಗಡಿಗರು ಅನ್ನೋರನ್ನ ಹುಡುಕ್ಕೊಂಡು ಬಂದೀರಿ. ಅವರು ಯಾರೋ, ಎಲ್ಲಿ ಇರ್ತಾರೋ ನನಗೇನು ಗೊತ್ತು?"

ಆಗ ತಿಳಿಯಿತು. ಪೇಪರು ಕಮಲಾಪುರಕ್ಕೂ ಬರುತ್ತಿತ್ತು. ಶರಣಮ್ಮನ ಮೊಮ್ಮಗಳು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅದನ್ನು ಓದಿದ್ದಳು. ಶರಣಮ್ಮ, ಮದುವೆಯಾಗಿ ಬಂದಾಗಿನಿಂದ ಗುಂಡಮ್ಮನ ಜೊತೆ ಬೀಸುಕಲ್ಲಿನ ಒಂದೇ ಗೂಟ ಹಿಡಿದು ಬೀಸಿದವಳು, ಅಕ್ಷರ ಕಲಿಯದವಳು, ತನ್ನ ಹೆಸರು ಬರುತ್ತದೆ ಎಂದು ಕಾದು ಕೂತಿದ್ದಳು. ಹೆಸರು ಬರಲಿಲ್ಲ. ಗುಂಡಮ್ಮನಾದರೂ ಅಯ್ಯೋ ಎನ್ನಬಹುದಿತ್ತು. "ಹೋಗ್ಲಿ ಬಿಡು, ನನ್ನ ಹೆಸರಿನಾಗ ನೀನೂ ಇದ್ದಿ" ಎಂದುಬಿಟ್ಟಳಂತೆ. ಸಮಾಧಾನಕ್ಕೆಂದೇ ಹೇಳಿದ್ದು. ಅದೇ ಬೆಂಕಿ ಹಚ್ಚಿತು.

ಸರ್ ಮುಖ ಸಣ್ಣದಾಯಿತು. ಶರಣಮ್ಮನ ಮುಂದೆ ಹೋಗಿ ನಿಂತರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ದೊಡ್ಡ ಮಾತುಗಳೆಲ್ಲ ಎಲ್ಲಿ ಹೋದವೋ. "ತಪ್ಪು ನಂದ್ರಿ ಅಮ್ಮಾ" ಎಂದಷ್ಟೇ ಅಂದರು. ಶರಣಮ್ಮ ಮೊರವನ್ನು ಇನ್ನೊಂದು ಸಲ ಝಾಡಿಸಿದಳು. ಹೊಟ್ಟು ಹಾರಿ ಸರ್ ಅವರ ಕನ್ನಡಕದ ಮೇಲೆ ಕೂತಿತು.

ಇರಲಿ, ಗುಂಡಮ್ಮನದ್ದಾದರೂ ತುಂಬಿಕೊಳ್ಳೋಣ ಎಂದು ನಾನು ಮೈಕು ಹಿಡಿದೆ. ಗುಂಡಮ್ಮ ಕಲ್ಲಿಗೆ ತೊಗರಿ ಸುರಿದು ಗೂಟ ತಿರುವಿದಳು. ಒಂದು ಸಾಲು ಎತ್ತಿದಳು. ನಿಲ್ಲಿಸಿದಳು. ಮುಂದಿನ ಸಾಲು ಯಾವಾಗಲೂ ಎದುರಿನವಳದ್ದು. ಬರೀ ಕಲ್ಲಿನ ಸದ್ದು. ತಾನೇ ಅದನ್ನೂ ಹಾಡಲು ಹೋದಳು, ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ತಾನು ಹಾಡದ ಸಾಲು ಅದು. ಏನೋ ಒಂದು ಸೇರಿಸಿ ಹಾಡಿದಳು.

"ಅದು ಹಂಗಲ್ಲ" ಎಂದಿತು ಎದುರು ಬಾಗಿಲು, ಮೊರಕ್ಕೆ ಹೇಳಿದ ಹಾಗೆ.

ಗುಂಡಮ್ಮ ಕೇಳಿಸಲಿಲ್ಲವೆಂಬಂತೆ ಮುಂದೆ ಹೋದಳು. ಮತ್ತೆ ತಪ್ಪಿದಳು. ಬೇಕೆಂದೇ ತಪ್ಪಿದಳೋ ಏನೋ, ಆ ಮುಖ ನೋಡಿದರೆ ಹೇಳಲಾಗುವುದಿಲ್ಲ. ಶರಣಮ್ಮನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ, ಬೆನ್ನು ತಿರುಗಿಸದೆ, ಸರಿಯಾದ ಸಾಲನ್ನು ಎತ್ತಿ ಹಾಡಿಬಿಟ್ಟಳು. ನನಗೆ ಗಾಬರಿ. ಮೈಕಿನ ವಯರು ಎಳೆದುಕೊಂಡು ಅಲ್ಲಿಗೆ ಓಡಿದೆ. ಅಷ್ಟರಲ್ಲಿ ಗುಂಡಮ್ಮ ಈ ಕಡೆಯಿಂದ ಹೊಸದೊಂದು ಶುರು ಮಾಡಿದಳು. ಅದು ಹಳೆಯ ಹಾಡಲ್ಲ.

ಕಲ್ಲು ನಂದವ್ವ, ತೊಗರಿ ನಂದವ್ವ,
ಮಾರಿ ತಿರುವಿ ಕುಂತಾಳ, ನನ್ನ
ಗೂಟ ಹಿಡಿಯೋ ಕೈ ಎಲ್ಲ್ಯದವ್ವ?

ನಾನು ಇತ್ತ ಓಡಿದೆ. ಎದುರಿನಿಂದ ಬಂತು ಉತ್ತರ:

ಎರಡು ಕೈ ಇಲ್ಲದ ಕಲ್ಲು ತಿರುಗೀತ?
ಗೂಟ ಹಿಡಿದವರು ಇಬ್ಬರು, ಪೇಪರಿನ್ಯಾಗ
ಹೆಸರು ಬಂದವರು ಒಬ್ಬರು!

ಅಂಗಳದ ಈ ತುದಿಗೂ ಆ ತುದಿಗೂ ನಾನು ಮೈಕು ಹಿಡಿದು ಓಡಾಡಿದ್ದನ್ನು ನೋಡಲು ಓಣಿಯವರೆಲ್ಲ ಸೇರಿದರು. ಹಗ್ಗ ಬಿಚ್ಚಿದ ಮೇಕೆಯಂತೆ ಕಾಣುತ್ತಿದ್ದೆ ಎಂದು ಆಮೇಲೆ ಸರ್ ಹೇಳಿದರು. ವಯರು ಕಾಲಿಗೆ ಸುತ್ತಿಕೊಂಡು ನಾನು ಬಿದ್ದೆ. ಯಾರೂ ಎತ್ತಲಿಲ್ಲ, ಹಾಡು ಅಷ್ಟು ರಂಗೇರಿತ್ತು. ಕೊನೆಗೆ ಶರಣಮ್ಮನೇ ಮೊರ ಕೆಳಗಿಟ್ಟು ಎದ್ದಳು. ಮಂಡಿಯ ಮೇಲೆ ಕೈಯೂರಿ ನಿಧಾನಕ್ಕೆ ನಡೆದು ಬಂದು ಕಲ್ಲಿನ ಆ ಬದಿಗೆ ಕೂತಳು.

"ತಂಗೀ, ಅಕಿಗಿ ಹೇಳು. ನಾ ತೊಗರಿಗಿ ಬಂದೀನಿ. ಅಕಿಗಲ್ಲ."

ನಾನು ಎರಡು ಅಡಿ ದೂರದಲ್ಲಿದ್ದ ಗುಂಡಮ್ಮನಿಗೆ ಅದನ್ನು ಹೇಳಿದೆ. "ತೊಗರಿ ಅಲ್ಲೇ ಅದ ಅಂತ ಹೇಳು" ಎಂದಳು ಗುಂಡಮ್ಮ. ಅದನ್ನೂ ಹೇಳಿದೆ. ಎರಡು ಕೈ ಒಂದು ಗೂಟವನ್ನು ಹಿಡಿದವು.

ಆಮೇಲೆ ನಡೆದದ್ದು ಜಗಳ. ಮಾತಿಲ್ಲದ ಜಗಳ, ಪೂರ್ತಿ ಹಾಡಿನಲ್ಲಿ. ಮದುವೆಯಲ್ಲಿ ಯಾರಿಗೆ ಯಾವ ಸೀರೆ ಬಂತು, ಯಾರ ಬಾಣಂತನಕ್ಕೆ ಯಾರು ತಡವಾಗಿ ಬಂದರು, ಕೆಂಪು ಬಾಳೆಯ ಗೊನೆಯಲ್ಲಿ ಮೇಲಿನ ಚಿಪ್ಪು ಯಾರಿಗೆ ಹೋಯಿತು, ಒಂದೂ ಬಿಡಲಿಲ್ಲ. ಕಲ್ಲು ಗರಗರ ಎನ್ನುತ್ತ ಬೇಳೆ ಉದುರಿಸುತ್ತಿತ್ತು. ಒಬ್ಬಳು ಚುಚ್ಚಿದರೆ ಸೇರಿದ ಹೆಂಗಸರು ಹೋ ಎನ್ನುವರು, ಇನ್ನೊಬ್ಬಳು ಅದಕ್ಕಿಂತ ಮೊನಚಾದದ್ದು ಹುಡುಕುವಳು. ಎಷ್ಟು ಬೈದರೂ ಒಬ್ಬಳು ಬಿಟ್ಟ ತಾಳವನ್ನು ಇನ್ನೊಬ್ಬಳು ಬೀಳಗೊಡಲಿಲ್ಲ. ಸರ್ ಕಣ್ಣು ಮುಚ್ಚಿ, ತಲೆದೂಗುತ್ತ, "ಆಹಾ" ಎನ್ನುತ್ತಿದ್ದರು. ಆಗ ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿದರು.

ಪಟ್ಟಣದ ಮಾಸ್ತರ ಪೆಟ್ಟಿಗಿ ತಂದಾನ,
ಹಾಡೆಲ್ಲ ಒತ್ತಿ ತುಂಬ್ಯಾನ, ಮನಿಗೋಗಿ
ಮುಚ್ಚಳ ಹಾಕೋದು ಮರತಾನ!

ಓಣಿ ಬಿದ್ದು ಬಿದ್ದು ನಕ್ಕಿತು. ಸರ್ ಇನ್ನೂ ತಲೆದೂಗುತ್ತಲೇ ಇದ್ದರು. ಅರ್ಥವಾದದ್ದು ತುಸು ತಡವಾಗಿ. ಅರ್ಥವಾದ ಮೇಲೆ ಅವರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಹಿಂದಿನ ಹಾಡುಗಳಲ್ಲಿ ಎಷ್ಟೋ ಬಂದವು, ಕೆಲವು ಬರಲಿಲ್ಲ. ಬಾರದ ಕಡೆ ಈ ಜಗಳ ಬಂದು ಕೂತಿತ್ತು. ಹೊರಡುವ ಮುಂಚೆ ಹೆಸರಿನ ಸಮಸ್ಯೆಯನ್ನೂ ನಾನು ಬಗೆಹರಿಸಿಕೊಂಡೆ. ಯಂತ್ರ ಎಂಟೇ ಅಕ್ಷರ ತೆಗೆದುಕೊಳ್ಳುತ್ತದೆ ಎಂದು ಇಬ್ಬರಿಗೂ ವಿವರಿಸಿದೆ. "ಅಕಿಗಿ ನಾಕು ಕೊಡು, ನನಗ ನಾಕು ಕೊಡು" ಎಂದಳು ಶರಣಮ್ಮ. ಇಷ್ಟು ಸುಲಭದ ನ್ಯಾಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಸರ್ ಪೇಪರಿಗೆ ಇನ್ನೊಂದು ಲೇಖನ ಬರೆದರು, ಎರಡೂ ಹೆಸರು ಪೂರ್ತಿಯಾಗಿ, ಶರಣಮ್ಮನದ್ದು ಮೊದಲು. ಅದರಲ್ಲಿ "ಎನ್ನಬಹುದಾಗಿದೆ" ಒಂದೇ ಒಂದು ಸಲ ಬಂದಿತ್ತು.

ಈ ಸಲ ಮೊಯಿನ್ ಭಾಯಿ ಹೈದರಾಬಾದಿನಿಂದ ಟೇಪುಗಳ ಒಂದು ಕಟ್ಟನ್ನೇ ತರಿಸಿಕೊಟ್ಟರು. ದಪ್ಪ ಅಂಕಿಯ ಮೇಲೆ ಅವರೇ ಪೆನ್ನಿನಿಂದ ಗೀಟು ಎಳೆದಿದ್ದರು. ನಾನು ಕಮಲಾಪುರವನ್ನು ಎರಡು ಟೇಪಿಗೆ ತುಂಬಿ, ತುಂಬಿದ್ದನ್ನು ಮತ್ತೆ ಹೊರಗೆ ಇಳಿಸಿ, ಮೊದಲಿನಿಂದ ಕೊನೆಯವರೆಗೂ ಕಿವಿ ಕೊಟ್ಟು ಕೇಳಲು ಕೂತೆ. ಸರ್ ಪಕ್ಕದಲ್ಲಿ ಕೂತು ಮತ್ತೊಮ್ಮೆ ನಗುತ್ತ ಕೇಳಿದರು. ಹಾಡು ಮುಗಿಯಿತು. "ಮುಗೀತ್ರಿ" ಎಂದು ನನ್ನದೇ ದನಿ. ಜನ ಎದ್ದು ಹೋದ ಗಲಾಟೆ. ಸರ್ ನನ್ನನ್ನು ಕರೆದುಕೊಂಡು ಹಿತ್ತಲಿನ ಬಾಳೆ ನೋಡಲು ಹೋಗಿದ್ದು ನೆನಪಾಯಿತು. ಗಡಿಬಿಡಿಯಲ್ಲಿ ರೆಕಾರ್ಡರು ನಿಲ್ಲಿಸುವುದು ಮರೆತಿದ್ದೆ, ಮೈಕು ಕಲ್ಲಿನ ಪಕ್ಕದಲ್ಲೇ ಉಳಿದಿತ್ತು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಕೇಳಿಸುವಾಗ ಕೊನೆಯ ಹೊತ್ತಿಗೆ ನಾನು ಊಟಕ್ಕೆ ಎದ್ದುಹೋಗಿದ್ದೆ, ಹಾಗಾಗಿ ಇದನ್ನು ಕೇಳಿರಲಿಲ್ಲ.

ಕಲ್ಲಿನ ಸದ್ದು ಇನ್ನೂ ನಡೆದಿತ್ತು, ಬಹಳ ನಿಧಾನವಾಗಿ. ಆಮೇಲೆ ಗುಂಡಮ್ಮನ ದನಿ, ತಗ್ಗಿದ ದನಿ.

"ಮಣಕಾಲು ಇನ್ನೂ ನೋಯ್ತಾದೇನು?"

ಕಲ್ಲು ಎರಡು ಸುತ್ತು ಸುತ್ತಿತು.

"ಹೂಂ."

"ಕಾಯಿಸಿದ ಎಣ್ಣಿ ಇಟ್ಟೀನಿ. ಹೋಗಾಗ ಒಯ್ಯಿ."

"ಮತ್ತ ಯಾರರೆ ನೋಡಿದ್ರ?"

"ಸೆರಗಿನಾಗ ಮುಚ್ಚಿಕೊಂಡು ಒಯ್ಯಿ."

ನಾವು ವಾಪಸು ಬಂದ ಕಾಲಸಪ್ಪಳ ಕೇಳಿಸಿತು. ಇಬ್ಬರೂ ಸುಮ್ಮನಾದರು. ಅಲ್ಲಿಗೆ ಟೇಪು ಮುಗಿಯಿತು.

ಖೂಬಾ ಪ್ಲಾಟಿನ ಆ ಕೋಣೆಯಲ್ಲಿ ನಾನು ಯಂತ್ರ ನಿಲ್ಲಿಸಿದೆ. ಕೊನೆಯ ತುಣುಕು ಹಾಡಲ್ಲ, ತೆಗೆದುಬಿಡಲೇ ಎಂದು ಕೇಳಿದೆ. ಹಾಡಿನ ಹಿಂದೆಮುಂದೆ ಬಂದ ಕೆಮ್ಮು, ಮಾತು, ಕೋಳಿ ಕೂಗನ್ನೆಲ್ಲ ಸರ್ ಯಾವಾಗಲೂ ತೆಗೆಸುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಜಾಗ ಅದ ಏನು?"

"ಅದರಿ ಸರ್."

"ಹಂಗಾರ ಇರಲಿ."

ದೀಪಾವಳಿಯ ಮುಂಚೆ ಬೇರೊಂದು ಕೆಲಸಕ್ಕೆ ನಾನೊಬ್ಬಳೇ ಕಮಲಾಪುರಕ್ಕೆ ಹೋಗಿದ್ದೆ. ಆ ಅಂಗಳಕ್ಕೂ ಹೋದೆ. ಗುಂಡಮ್ಮ ಚಾಪೆ ಹಾಸಿ ಕೂರಿಸಿ, ಕೆಂಪು ಬಾಳೆಹಣ್ಣು ಕೊಟ್ಟಳು. ಎದುರು ಬಾಗಿಲಲ್ಲಿ ಶರಣಮ್ಮ ನಮ್ಮ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಒಂದು ಕಾಲು ಉದ್ದಕ್ಕೆ ಚಾಚಿಕೊಂಡಿದ್ದಳು, ಮಂಡಿ ಎಣ್ಣೆಯಿಂದ ಮಿರುಗುತ್ತಿತ್ತು.

"ಈಗ ಹ್ಯಾಂಗ ಅದ್ರಿ ಅಮ್ಮಾ, ಇಬ್ಬರದೂ ಕೂಡಿತೇನು?" ಎಂದು ಕೇಳಿದೆ.

ಗುಂಡಮ್ಮ ಬಹಳ ಬಿಗಿಯಾಗಿ ಕೂತಳು. "ಎಲ್ಲಿದು? ಹಾಡೋದು ಹಾಡ್ತೀವಿ, ಅಷ್ಟಽ. ಅಕಿ ಜೋಡಿ ನನ್ನ ಮಾತಿಲ್ಲ" ಎಂದಳು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ನಂದೂ ಇಲ್ಲ" ಎಂದಿತು ಎದುರಿನ ಬೆನ್ನು.

ನಾನು ಬಾಳೆಹಣ್ಣಿನ ಸಿಪ್ಪೆ ಸುಲಿದೆ.

"ಹೌದೇನ್ರಿ" ಎಂದೆ. "ಎಂಥಾ ಹಟರಿ ನಿಮ್ದು ಇಬ್ಬರದೂ."